ಕಲ್ಲಿದ್ದಲು ಸೆಸ್ ಮತ್ತು ಆರ್‌ಪಿಒ: ಯಾವುದು ಹೆಚ್ಚು ದಕ್ಷ?

ಇಂಗಾಲ ತೆರಿಗೆ ಮೊದಲು ಜಾರಿಯಾದದ್ದು ಫಿನ್ಲೆಂಡ್‌ನಲ್ಲಿ (1990). ಭಾರತದಲ್ಲಿ ಅದಕ್ಕೆ ಹತ್ತಿರದ್ದು ಕಲ್ಲಿದ್ದಲು ಸೆಸ್: 2010ರಲ್ಲಿ ಟನ್ನಿಗೆ 50 ರೂ., 2016ರಲ್ಲಿ 400 ರೂ. 2017ರಲ್ಲಿ ಜಿಎಸ್‌ಟಿ ಪರಿಹಾರ ಸೆಸ್ ಅದರ ಜಾಗಕ್ಕೆ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಅದೂ ಹೋಗಿ, ಕಲ್ಲಿದ್ದಲಿನ ಜಿಎಸ್‌ಟಿ ಶೇ 5ರಿಂದ 18ಕ್ಕೇರಿತು. ಗಮನಿಸಿ: ಸೆಸ್ ಇದ್ದದ್ದು ತೂಕದ ಮೇಲೆ, ಇಂಗಾಲದ ಮೇಲಲ್ಲ.

ಆರ್‌ಪಿಒ: ನವೀಕರಿಸಬಹುದಾದ ವಿದ್ಯುತ್ ಖರೀದಿ ಬಾಧ್ಯತೆ; ವಿದ್ಯುಚ್ಛಕ್ತಿ ಕಾಯ್ದೆ 2003, ಸೆಕ್ಷನ್ 86(1)(ಇ). ಎಸ್ಕಾಂಗಳು (ವಿದ್ಯುತ್ ವಿತರಣಾ ಕಂಪನಿಗಳು) ನಿಗದಿತ ಪಾಲು ನವೀಕರಿಸಬಹುದಾದ ವಿದ್ಯುತ್ ಕೊಳ್ಳಲೇಬೇಕು.

ಇಂಗಾಲದ ಮೇಲೆಯೇ ತೆರಿಗೆ ಹಾಕಿದರೆ ಹಳೆಯ ಘಟಕ ಸುಧಾರಿಸುವುದೋ, ಬಳಕೆ ತಗ್ಗಿಸುವುದೋ, ಸೌರಕ್ಕೆ ಹೊರಳುವುದೋ, ಅಗ್ಗದ ದಾರಿಯನ್ನು ಕಂಪನಿಯೇ ಆರಿಸುತ್ತದೆ. ಆರ್‌ಪಿಒಗೆ ಒಂದೇ ದಾರಿ. ಸಿಮೆಂಟ್ ಗೂಡಿನ, ಲಾರಿಯ ಹೊಗೆ ಅದಕ್ಕೆ ನಿಲುಕದು. ಪಠ್ಯಪುಸ್ತಕದ ಅಂಕ ತೆರಿಗೆಗೇ. ಸರ್ಕಾರಗಳ ಒಲವು ಮಾತ್ರ ಆರ್‌ಪಿಒ ಕಡೆಗೆ, ಅದರ ಖರ್ಚು ಕರೆಂಟ್ ಬಿಲ್ಲಿನಲ್ಲಿ ಬೇರೆ ಸಾಲಾಗಿ ಕಾಣುವುದಿಲ್ಲವಲ್ಲ!