ಕರುಳಿನ ಜೀವಕೋಶದ ಎರಡು ಮುಖಗಳು

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ಜೀವಶಾಸ್ತ್ರದ ವಿಷಯವನ್ನು ಕುರಿತು ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಇದಕ್ಕೊಂದು ಕಾರಣವಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದ್ದರಿಂದ ಬ್ಯಾಂಕಿನ ಕಾಗದದಿಂದ ಹಿಡಿದು ವೈದ್ಯರ ಚೀಟಿಯವರೆಗೆ ಎಲ್ಲವನ್ನೂ ಓದಿ ಅರ್ಥ ಹೇಳುವ ಹೊಣೆ ನನ್ನದು. ಎರಡು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ನನ್ನ ತಂಗಿ ರಕ್ತಭೇದಿಯಿಂದ ಆರು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಚೀಟಿಯಲ್ಲಿ ‘ಶಿಗೆಲ್ಲ’ ಎಂದಿತ್ತು. ಅದೊಂದು ಬ್ಯಾಕ್ಟೀರಿಯ, ಕರುಳನ್ನು ಸೇರಿದೆ ಎಂದು ಅವ್ವನಿಗೆ ಹೇಳಿದೆ. ಅವ್ವ ಕೇಳಿದಳು: “ಹೊಟ್ಟೇಲಿ ಕ್ರಿಮಿ ಎಲ್ಲರಿಗೂ ಇರ್ತಾವೆ ಅಂತ ನೀನೇ ಹೇಳ್ತಿದ್ದೆಯಲ್ಲೊ? ಅವಕ್ಕೆಲ್ಲ ಸುಮ್ಮನಿರೋ ಮೈ ಇದಕ್ಯಾಕೆ ಹಿಂಗೆ ಕುದೀಬೇಕು?” ನನಗೆ ಉತ್ತರ ತಿಳಿಯಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿಜ್ಞಾನ ಬಲ್ಲವರು ತಪ್ಪಿದ್ದರೆ ತಿದ್ದಬೇಕು.

ಪ್ರಶ್ನೆ ಸಣ್ಣದಲ್ಲ. 2016ರ ಒಂದು ಅಂದಾಜಿನಂತೆ ಒಬ್ಬ ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳಿವೆ. ಬಹುಪಾಲು ದೊಡ್ಡ ಕರುಳಿನಲ್ಲಿ. ಅವುಗಳಿಗೂ ನಮ್ಮ ರಕ್ತಕ್ಕೂ ನಡುವೆ ಇರುವುದು ಒಂದೇ ಒಂದು ಸಾಲು ಜೀವಕೋಶಗಳ ಹೊದಿಕೆ. ಇದಕ್ಕೆ ಎಪಿಥೀಲಿಯಂ ಎಂದು ಹೆಸರು. ಈ ಹೊದಿಕೆಯ ಪ್ರತಿಯೊಂದು ಕೋಶಕ್ಕೂ ಎರಡು ಮುಖಗಳುಂಟು. ಒಂದು ಕರುಳಿನ ಪೊಳ್ಳಿನತ್ತ, ಎಂದರೆ ಅನ್ನವೂ ಬ್ಯಾಕ್ಟೀರಿಯಗಳೂ ಇರುವ ಕಡೆಗೆ. ಇನ್ನೊಂದು ರಕ್ತನಾಳಗಳ ಕಡೆಗೆ. ಎರಡು ಮುಖಗಳಲ್ಲಿರುವ ಪ್ರೋಟೀನುಗಳೂ ಬೇರೆ ಬೇರೆ. ಅಕ್ಕಪಕ್ಕದ ಕೋಶಗಳನ್ನು ಬಿಗಿಯಾಗಿ ಹೊಲಿದಂತಿರುವ ಸಂಧಿಗಳು ಒಂದು ಮುಖದ ಸಾಮಗ್ರಿ ಇನ್ನೊಂದಕ್ಕೆ ಹರಿಯದಂತೆ ತಡೆಯುತ್ತವೆ. ಈ ಗುಣವನ್ನೇ ಕೋಶದ ಧ್ರುವೀಯತೆ ಎನ್ನುತ್ತಾರೆ.

ನಮ್ಮ ಹಳ್ಳಿಯ ಮನೆಗೆ ಜಗುಲಿಯೂ ಇದೆ, ಹಿತ್ತಿಲೂ ಇದೆ. ದಾರಿಹೋಕನೊಬ್ಬ ಜಗುಲಿಯಲ್ಲಿ ಕುಳಿತು ಬೆವರೊರೆಸಿಕೊಂಡರೆ ನಾಯಿಯೂ ತಲೆಯೆತ್ತದು. ಅವನೇ ಹಿತ್ತಿಲಿನಲ್ಲಿ ಕಂಡನೆಂದರೆ ಕೇರಿಯೆಲ್ಲ ಎದ್ದೀತು. ಕರುಳಿನ ಕೋಶವೂ ಬಹುಮಟ್ಟಿಗೆ ಹೀಗೆಯೇ ನಡೆದುಕೊಳ್ಳುತ್ತದೆ.

ಇದನ್ನು ತೋರಿಸಿದ ಪ್ರಯೋಗ ಸೊಗಸಾಗಿದೆ. ಕರುಳಿನ ಕೋಶಗಳನ್ನು ಸೂಕ್ಷ್ಮ ರಂಧ್ರಗಳಿರುವ ಪೊರೆಯ ಮೇಲೆ ಬೆಳೆಸುತ್ತಾರೆ. ಆಗ ಮೇಲಿನ ಮುಖಕ್ಕೊಂದು, ಕೆಳಗಿನ ಮುಖಕ್ಕೊಂದು ದ್ರವವನ್ನು ಪ್ರತ್ಯೇಕವಾಗಿ ಸೋಕಿಸಬಹುದು. ಬ್ಯಾಕ್ಟೀರಿಯಗಳು ಈಜಲು ಬಳಸುವ ಬಾಲದಲ್ಲಿ ಫ್ಲಾಜೆಲಿನ್ ಎಂಬ ಪ್ರೋಟೀನಿದೆ. 2001ರಲ್ಲಿ ಅಮೆರಿಕದ ಆಂಡ್ರ್ಯೂ ಗೆವಿರ್ಟ್ಸ್ ಮತ್ತು ಸಂಗಡಿಗರು ಅದನ್ನು ಪೊಳ್ಳಿನ ಕಡೆಯ ಮುಖಕ್ಕೆ ಸೋಕಿಸಿದರು; ಕೋಶ ಸುಮ್ಮನಿತ್ತು. ಹಿಂಬದಿಗೆ ಸೋಕಿಸಿದಾಗ ಕೋಶ ಎಚ್ಚೆತ್ತು, ಬಿಳಿಯ ರಕ್ತಕಣಗಳನ್ನು ಕರೆಯುವ ರಾಸಾಯನಿಕವನ್ನು ಹೊರಬಿಟ್ಟಿತು. ಫ್ಲಾಜೆಲಿನ್ನನ್ನು ಗುರುತಿಸುವ ಟಿ.ಎಲ್.ಆರ್.-5 ಎಂಬ ಕಾವಲುಗಾರ ಪ್ರೋಟೀನು ಆ ಕೋಶಗಳ ಹಿಂಬದಿಯಲ್ಲಿ ಮಾತ್ರ ಇತ್ತು. ವಸ್ತು ಅದೇ, ಕೋಶ ಅದೇ. ಸೋಕಿದ ಸ್ಥಳ ಬೇರೆ, ಅಷ್ಟೆ. (ಕರುಳಿನ ಎಲ್ಲ ಭಾಗದಲ್ಲಿಯೂ, ಎಲ್ಲ ಕೋಶದಲ್ಲಿಯೂ ಹೀಗೆಯೇ ಎಂದು ತಿಳಿಯಬಾರದು.) ಟಿ.ಎಲ್.ಆರ್.-9 ಎಂಬ ಇನ್ನೊಂದು ಕಾವಲುಗಾರ ಎರಡೂ ಮುಖಗಳಲ್ಲಿದೆ. 2006ರಲ್ಲಿ ಪ್ರಕಟವಾದ ಸಂಶೋಧನೆಯಂತೆ, ಅದನ್ನು ಹಿಂಬದಿಯಿಂದ ಕೆಣಕಿದರೆ ಉರಿಯೂತ ಏಳುತ್ತದೆ, ಮುಂಬದಿಯಿಂದ ಮುಟ್ಟಿದರೆ ಉರಿಯೂತ ತಗ್ಗುತ್ತದೆ! ನನ್ನನ್ನು ಬೆರಗುಗೊಳಿಸಿದ್ದು ಇದೇ.

ಇಷ್ಟನ್ನು ಹೇಳಿದಾಗ ಅವ್ವ, “ಹಾಗಾದರೆ ಕಳ್ಳ ಹಿತ್ತಿಲಿಗೆ ಹೋದದ್ದು ಹೆಂಗೆ?” ಎಂದಳು.

1897ರಲ್ಲಿ ಜಪಾನಿನಲ್ಲಿ ಭೇದಿ ಹಬ್ಬಿದಾಗ ಕಿಯೋಶಿ ಶಿಗಾ ಕಂಡುಹಿಡಿದ ಈ ಬ್ಯಾಕ್ಟೀರಿಯಕ್ಕೆ ಈಜುವ ಬಾಲವಿಲ್ಲ. ಪೊಳ್ಳಿನ ಕಡೆಯ ಮುಖವನ್ನು ಭೇದಿಸುವುದರಲ್ಲಿಯೂ ಅದು ದುರ್ಬಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫಿಲಿಪ್ ಸಾನ್ಸೊನೆಟ್ಟಿಯವರ ತಂಡ 1992ರಲ್ಲಿ ತೋರಿಸಿದಂತೆ, ಅದು ಕೋಶವನ್ನು ಹೊಗುವುದು ಹಿಂಬದಿಯಿಂದ. ಅಲ್ಲಿಗೆ ತಲಪಲು ಅದಕ್ಕೊಂದು ಹಾದಿಯಿದೆ. ಕರುಳಿನ ಹೊದಿಕೆಯಲ್ಲಿ ಅಲ್ಲಲ್ಲಿ ಎಂ-ಕೋಶಗಳೆಂಬುವು ಇವೆ. ಪೊಳ್ಳಿನಲ್ಲಿರುವುದನ್ನು ಚೂರುಚೂರಾಗಿ ಹಿಡಿದು, ಕೆಳಗಿರುವ ರಕ್ಷಕ ಕೋಶಗಳಿಗೆ ತಪಾಸಣೆಗೆ ಒಪ್ಪಿಸುವುದು ಅವುಗಳ ಕೆಲಸ. ಶಿಗೆಲ್ಲ ಈ ತಪಾಸಣೆಯ ಬಾಗಿಲಿನಿಂದಲೇ ಒಳಬರುತ್ತದೆ. ತನ್ನನ್ನು ನುಂಗಿದ ರಕ್ಷಕ ಕೋಶವನ್ನು ಕೊಂದು ಹೊರಬಿದ್ದು, ಹಿತ್ತಿಲ ಕಡೆಯಿಂದ ಕರುಳಿನ ಕೋಶಕ್ಕೆ ನುಗ್ಗುತ್ತದೆ. ಕೋಶದ ಒಳಗೂ ಕಾವಲುಂಟು, ಅದು ಕೂಗೆಬ್ಬಿಸುತ್ತದೆ. ಬಿಳಿಯ ರಕ್ತಕಣಗಳು ಧಾವಿಸಿ, ಕೋಶಗಳ ನಡುವಿನ ಹೊಲಿಗೆಯನ್ನೇ ಬಿಚ್ಚಿಕೊಂಡು ಪೊಳ್ಳಿನತ್ತ ನುಗ್ಗುತ್ತವೆ. ಆ ಬಿರುಕುಗಳಲ್ಲಿ ಇನ್ನಷ್ಟು ಶಿಗೆಲ್ಲ ಹಿಂಬದಿಗೆ ಇಳಿಯುತ್ತದೆ. ತಂಗಿಯ ಬಟ್ಟೆಯಲ್ಲಿ ನಾವು ಕಂಡ ರಕ್ತಕ್ಕೆ ವೈರಿಯಷ್ಟೇ ನಮ್ಮ ದಂಡೂ ಕಾರಣವೆಂದು ಓದಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆದರೆ ಆ ದಂಡೇ ಕೊನೆಗೆ ಶಿಗೆಲ್ಲವನ್ನು ಕೊಂದು ತೀರಿಸುವುದೂ ನಿಜ.

ಧ್ರುವೀಯತೆಯಿಂದ ಇನ್ನೊಂದು ಉಪಕಾರವಿದೆ. ಹಿಂಬದಿಯಲ್ಲಿ ತಯಾರಾಗುವ ಐಜಿಎ ಎಂಬ ಪ್ರತಿಕಾಯವನ್ನು ಕರುಳಿನ ಕೋಶ ಆ ಮುಖದಲ್ಲಿ ಹಿಡಿದು, ತನ್ನ ಮೈಯೊಳಗಿಂದ ಹೊತ್ತು, ಪೊಳ್ಳಿನ ಕಡೆಗೆ ಬಿಡುತ್ತದೆ. ಅದು ಬ್ಯಾಕ್ಟೀರಿಯಗಳನ್ನು ಅಂಟಿಸಿ ದೂರವಿಡುತ್ತದೆ. ಎದೆಹಾಲಿಗೆ ಐಜಿಎ ಸೇರುವುದೂ ಇದೇ ರೀತಿಯಲ್ಲಿ, ಸ್ತನದ ಕೋಶಗಳ ಮೂಲಕ.

ಇದನ್ನು ಹೇಳಿದಾಗ ಅವ್ವ ಮೊರವನ್ನು ಬದಿಗಿಟ್ಟು, “ಇವಳು ಎರಡು ವರ್ಷ ಕುಡಿದಳಲ್ಲೊ, ಆದರೂ ಯಾಕೆ ಬಂತು?” ಎಂದಳು. ಹಾಲು ಬಿಟ್ಟ ಮೇಲೆ ಆ ಕಾವಲೂ ನಿಲ್ಲುತ್ತದೆ ಎಂದೆ. ಅವ್ವ ಸ್ವಲ್ಪ ಹೊತ್ತು ತಂಗಿಯನ್ನೇ ನೋಡಿದಳು. ಆಮೇಲೆ ಕುಡಿಯುವ ನೀರು ಕಾಯಿಸಲು ಎದ್ದಳು.