ಹಿಮದಲ್ಲಿ ಚಡ್ಡಿ: ಗೇಮ್ ನಾಯಕಿಯರ ಉಡುಪನ್ನು ನೋಡುವ ಬಗೆ

ನೀವು ಈವರೆಗೆ ಒಂದೂ ವಿಡಿಯೋ ಗೇಮ್ ಆಡಿಲ್ಲವಾದರೂ ಚಿಂತೆಯಿಲ್ಲ. ಅವುಗಳ ಜಾಹೀರಾತನ್ನಂತೂ ಕಂಡಿರುತ್ತೀರಿ. ಕತ್ತಿ ಹಿಡಿದ ಗಂಡಸಿಗೆ ಅಡಿಯಿಂದ ಮುಡಿಯವರೆಗೆ ಉಕ್ಕು. ಪಕ್ಕದಲ್ಲೇ ಕಾದಾಡುವ ಹೆಣ್ಣಿಗೆ ಹೊಟ್ಟೆ, ತೊಡೆ ಎಲ್ಲ ಬಯಲು. ಇದನ್ನು ತೊಟ್ಟು ಯಾರಾದರೂ ಯುದ್ಧಕ್ಕೆ ಹೋಗುತ್ತಾರೆಯೇ ಎಂದು ನಿಮಗನ್ನಿಸಿದ್ದರೆ, ಪಾಠ ಶುರುವಾಗುವುದೇ ಅಲ್ಲಿಂದ.

ಮೊದಲು ತಿಳಿಯಬೇಕಾದದ್ದು: ಗೇಮ್‌ನಲ್ಲಿ ಏಟು ಬೀಳುವುದು ಲೆಕ್ಕದ ಮೇಲೆ. ಇಂಥ ಕತ್ತಿಕಾಳಗದ ಅನೇಕ ಗೇಮ್‌ಗಳಲ್ಲಿ ಪ್ರತಿ ಉಡುಪಿಗೂ ‘ಡಿಫೆನ್ಸ್’ ಎಂಬ ಅಂಕಿಯಿರುತ್ತದೆ; ಎಷ್ಟು ಪೆಟ್ಟನ್ನು ಅದು ತಡೆಯಬಲ್ಲದು ಎಂಬುದರ ಅಳತೆ ಅದು. ಬಟ್ಟೆ ಎಷ್ಟು ಮೈ ಮುಚ್ಚಿದೆಯೆಂದು ಕಂಪ್ಯೂಟರ್ ನೋಡುವುದಿಲ್ಲ. ಎರಡು ಬೆರಳಗಲದ ಪಟ್ಟಿಗೂ ಪೂರ್ಣ ಕವಚದ ಅಂಕಿಯನ್ನೇ ಕೊಟ್ಟುಬಿಡಬಹುದು.

ನಿಜವಾದ ಕವಚದ ಕಥೆ ಬೇರೆ. 15ನೇ ಶತಮಾನದ ಯೂರೋಪಿನ ಪೂರ್ಣ ಉಕ್ಕಿನ ಕವಚ ಸುಮಾರು 15ರಿಂದ 25 ಕಿಲೋ ತೂಗುತ್ತಿತ್ತು. ಅದರೊಳಗೆ ಒತ್ತಾಗಿ ಹೊಲಿದ ದಪ್ಪ ಅಂಗಿ ಬೇಕೇ ಬೇಕು, ಇಲ್ಲದಿದ್ದರೆ ಏಟಿನ ಅದುರು ನೇರ ಎಲುಬಿಗೆ. ಎದೆಯ ಭಾಗ ನಡುವೆ ಉಬ್ಬಿರುತ್ತದೆ, ಮೊನೆ ಪಕ್ಕಕ್ಕೆ ಜಾರಲೆಂದು. ಗೇಮ್‌ಗಳು ಹೆಣ್ಣಿಗೆ ತೊಡಿಸುವ, ಸ್ತನಗಳ ಆಕಾರಕ್ಕೆ ತಟ್ಟಿದ ಎದೆಕವಚದಲ್ಲಿ ಆಗುವುದು ತಿರುಗುಮುರುಗು: ನಡುವಿನ ತಗ್ಗು ಮೊನೆಯನ್ನು ಎದೆಮೂಳೆಯ ಕಡೆಗೇ ಎಳೆದು ತರುತ್ತದೆ. ಮೈಯೆಲ್ಲ ಮುಚ್ಚಿದರೂ ಇದು ಕೆಟ್ಟ ಕವಚವೇ. ಹಾಗಾಗಿ ಎಷ್ಟು ಚರ್ಮ ಕಾಣುತ್ತದೆ ಎಂಬುದೊಂದನ್ನೇ ಅಳೆಯುತ್ತ ಕೂರಬೇಡಿ.

ಸಡಿಲ ಬಟ್ಟೆಯನ್ನು ಪರದೆಯ ಮೇಲೆ ಆಡಿಸುವುದು ಕಷ್ಟ ಎಂಬ ಸಮಜಾಯಿಷಿಯೂ ನಿಮಗೆ ಕೇಳಿಬರುತ್ತದೆ. ಮಾತು ನಿಜ, ಓಡುವಾಗ ಕಾಲು ಲಂಗವನ್ನು ತೂರಿಕೊಂಡು ಹೊರಬರುತ್ತದೆ, ಇದಕ್ಕೆ ‘ಕ್ಲಿಪಿಂಗ್’ ಎನ್ನುತ್ತಾರೆ. ಆದರೆ ಅದರಿಂದ ಬಿಗಿ ಉಡುಪಿಗೆ ಕಾರಣ ಸಿಕ್ಕಿತೇ ಹೊರತು ಬರಿಮೈಗಲ್ಲ.

ಈಗ ಒಬ್ಬಳನ್ನೇ ಹಿಂಬಾಲಿಸೋಣ. 1996ರಲ್ಲಿ ಇಂಗ್ಲೆಂಡಿನ ಕೋರ್ ಡಿಸೈನ್ ಸಂಸ್ಥೆ ಹೊರತಂದ ‘ಟೂಮ್ ರೈಡರ್’ನ ನಾಯಕಿ ಲಾರಾ ಕ್ರಾಫ್ಟ್. ಹಾಳು ಗುಡಿ, ಗೋರಿಗಳನ್ನು ಹೊಕ್ಕು ಹುಡುಕುವವಳು. ತೋಳಿಲ್ಲದ ಬನಿಯನ್, ಮೋಟು ಚಡ್ಡಿ, ಗಟ್ಟಿ ಬೂಟು. ಸೆಕೆಯ ಕಾಡಿಗೆ ಇದೇನೂ ಅಸಂಬದ್ಧವಲ್ಲ. ತಮಾಷೆಯೆಂದರೆ ಆ ಗೇಮ್ ಶುರುವಾಗುವುದೇ ಪೆರುವಿನ ಹಿಮದ ಬೆಟ್ಟದ ಗುಹೆಯಲ್ಲಿ! ಚಳಿ ಎಂಬುದು ಆ ಗೇಮ್‌ನ ನಿಯಮಗಳಲ್ಲೇ ಇಲ್ಲ, ಆದ್ದರಿಂದ ಆಕೆ ನಡುಗುವುದೂ ಇಲ್ಲ. 1997ರ ಎರಡನೆಯ ಗೇಮ್‌ನಲ್ಲಿ ಟಿಬೆಟ್ಟಿಗೆ ಹೋದಾಗ ಜಾಕೆಟ್ ಬಂತು, ಚಡ್ಡಿ ಹಾಗೇ ಉಳಿಯಿತು. ಅರ್ಧ ಮೈಗೆ ಮಾತ್ರ ಚಳಿ! 1998ರ ಮೂರನೆಯದರಲ್ಲಿ ಅಂಟಾರ್ಕ್ಟಿಕಾ. ಅಲ್ಲಿ ಉದ್ದ ಪ್ಯಾಂಟೂ ಬಂತು. ಜೊತೆಗೆ, ಹಿಮನೀರಿಗೆ ಇಳಿದರೆ ಕರಗುತ್ತಾ ಹೋಗುವ ಒಂದು ಪಟ್ಟಿ ಪರದೆಯ ಮೇಲೆ ಕಾಣಿಸಿಕೊಂಡಿತು. ಅದು ಮುಗಿದರೆ ಜೀವಕ್ಕೇ ಕುತ್ತು. ನನ್ನ ದೃಷ್ಟಿಯಲ್ಲಿ ಪ್ಯಾಂಟಿಗಿಂತ ಆ ಪಟ್ಟಿಯೇ ದೊಡ್ಡ ಬದಲಾವಣೆ. ಚಳಿ ಲೆಕ್ಕಕ್ಕೆ ಬಂದ ಮೇಲೆ ತಾನೇ ಬಟ್ಟೆಗೊಂದು ಅರ್ಥ? 2013ರ ಹೊಸ ಲಾರಾ ಪ್ಯಾಂಟ್ ತೊಟ್ಟಳು, ಗಾಯಕ್ಕೆ ಪಟ್ಟಿ ಕಟ್ಟಿಕೊಂಡಳು. 2015ರಲ್ಲಿ ಸೈಬೀರಿಯಾಕ್ಕೆ ದಪ್ಪ ಕೋಟು ಹಾಕಿಕೊಂಡೇ ಹೋದಳು.

ಅದೇ 2015ರಲ್ಲಿ ಬಂದ ‘ಮೆಟಲ್ ಗಿಯರ್ ಸಾಲಿಡ್ 5’ರಲ್ಲಿ ಕ್ವಯಟ್ ಎಂಬ ಗುರಿಕಾರ್ತಿ ಇದ್ದಾಳೆ. ಅಫ್ಘಾನಿಸ್ತಾನದ ರಣಾಂಗಣದಲ್ಲಿ ಆಕೆಯದು ಬಿಕಿನಿ. ಪರಾವಲಂಬಿ ಜೀವಿಗಳಿಂದಾಗಿ ಆಕೆ ಚರ್ಮದ ಮೂಲಕ ಉಸಿರಾಡುತ್ತಾಳೆ, ಬಟ್ಟೆ ಮುಚ್ಚಿದರೆ ಉಸಿರುಗಟ್ಟುತ್ತದೆ ಎಂದು ಕಥೆ ಹೇಳುತ್ತದೆ. ಸರಿ, ಕಥೆಯೊಳಗೊಂದು ಕಾರಣವಿದೆ, ಒಪ್ಪೋಣ. ಆದರೆ ಕ್ಯಾಮೆರಾವನ್ನೂ ಗಮನಿಸಿ: ಹೆಲಿಕಾಪ್ಟರಿನಲ್ಲಿ ಆಟಗಾರನ ಎದುರು ಕೂತಾಗ ಆಕೆ ಹೇಗೆಲ್ಲ ಮೈ ಚಾಚುತ್ತಾಳೆ, ನೋಟ ಎಲ್ಲೆಲ್ಲಿ ನಿಲ್ಲುತ್ತದೆ. ಉಸಿರಾಟಕ್ಕೂ ಅದಕ್ಕೂ ಏನು ಸಂಬಂಧ? ಚರ್ಮವನ್ನು ಮುಚ್ಚಲೇಬಾರದಿದ್ದರೆ ಕಾಲಿಗೆ ಆ ಹರಿದ ಸ್ಟಾಕಿಂಗ್ಸ್ ಯಾಕೆ ಎಂದೂ ಕೇಳಿನೋಡಿ.