ಶನಿವಾರ ಮಧ್ಯಾಹ್ನ ಮೂರು ಗಂಟೆ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಮ್ಯಾಚ್ ಅಂದರೆ ಶನಿವಾರ ಮಧ್ಯಾಹ್ನ 3 ಗಂಟೆ ಅನ್ನೋದು ಹಳೇ ವಾಡಿಕೆ. ಅದೇ ಹೊತ್ತು ಯಾಕೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಉತ್ತರ ಬೇಕಾದರೆ 19ನೇ ಶತಮಾನದ ಬಟ್ಟೆ ಗಿರಣಿಗಳಿಗೆ ಹೋಗಬೇಕು.

ಅದಕ್ಕೂ ಮುಂಚೆ ಅಲ್ಲಿ ಫುಟ್‌ಬಾಲ್ ಅಂದರೆ ಹಬ್ಬದ ಆಟ. ಊರಿಗೆ ಊರೇ ಬೀದಿಗೆ ಇಳಿಯುತ್ತಿತ್ತು. ಇಷ್ಟೇ ಜನ, ಇಷ್ಟೇ ಹೊತ್ತು ಅನ್ನೋ ಲೆಕ್ಕ ಇರಲಿಲ್ಲ. ಆಶ್‌ಬೋರ್ನ್ ಅನ್ನೋ ಊರಿನಲ್ಲಿ ಈಗಲೂ ಪ್ರತಿ ವರ್ಷ ಹಾಗೆ ಆಡುತ್ತಾರೆ. ಅಲ್ಲಿ ಎರಡು ಗೋಲುಗಳ ನಡುವೆ ಸುಮಾರು 3 ಮೈಲಿ ದೂರ!

ಕಾರ್ಖಾನೆಗಳು ಬಂದ ಮೇಲೆ ಜನರ ದಿನ ಗಡಿಯಾರದ ಕೈಗೆ ಹೋಯಿತು. ವಾರಕ್ಕೆ ಆರು ದಿನ ಕೆಲಸ, ಭಾನುವಾರ ಚರ್ಚ್. ಇನ್ನು ಆಡೋದು ಯಾವಾಗ? 1850ರ ಕಾರ್ಖಾನೆ ಕಾಯ್ದೆ, ಬಟ್ಟೆ ಗಿರಣಿಗಳಲ್ಲಿ ಹೆಂಗಸರು ಮತ್ತು ಹದಿಹರೆಯದವರ ಕೆಲಸ ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಬೇಕು ಅಂದಿತು. ಅವರಿಲ್ಲದೆ ಗಿರಣಿ ಓಡಿಸೋದು ಕಷ್ಟ. ಹಾಗಾಗಿ ನಿಧಾನವಾಗಿ ಗಂಡಸರಿಗೂ ಬಿಡುವು ಸಿಕ್ಕಿತು. ಎರಡಕ್ಕೆ ಕೆಲಸ ಮುಗಿದರೆ ಮೂರಕ್ಕೆ ಮೈದಾನ!

ರೈಲಿನಲ್ಲಿ ಬೇರೆ ಊರಿಗೆ ಹೋಗಿ ಆಡೋದು ಸುಲಭವಾದಾಗ ಇನ್ನೊಂದು ತೊಂದರೆ ಬಂತು. ಒಂದೊಂದು ಕಡೆ ಒಂದೊಂದು ನಿಯಮ. ನಮ್ಮ ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ, ಒಂದು ಸ್ಟ್ಯಾಂಡರ್ಡ್ ಬೇಕಾಗಿತ್ತು. 1863ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫುಟ್‌ಬಾಲ್ ಅಸೋಸಿಯೇಷನ್ ಆ ನಿಯಮಗಳನ್ನು ಬರೆಯಿತು. 1883ರ ಎಫ್‌ಎ ಕಪ್ ಫೈನಲ್‌ನಲ್ಲಿ ಗಿರಣಿ ಕೆಲಸಗಾರರಿದ್ದ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ತಂಡ, ಸಿರಿವಂತರ ಶಾಲೆಯೊಂದರ ಹಳೇ ವಿದ್ಯಾರ್ಥಿಗಳ ಓಲ್ಡ್ ಈಟೋನಿಯನ್ಸ್ ತಂಡವನ್ನು 2-1ರಿಂದ ಸೋಲಿಸಿತು. 1885ರಲ್ಲಿ ಆಟಗಾರರಿಗೆ ಸಂಬಳ ಕೊಡೋದಕ್ಕೂ ಒಪ್ಪಿಗೆ ಸಿಕ್ಕಿತು. ಆಟವೇ ಒಂದು ಕೆಲಸ ಆಯಿತು.

ಆದರೆ ಯಾರ ಹೆಸರಿನಲ್ಲಿ ಆ ಶನಿವಾರದ ಬಿಡುವು ಬಂತೋ, ಆ ಹೆಂಗಸರ ಕಥೆ ಬೇರೆ. ಮೊದಲ ಮಹಾಯುದ್ಧದ ಕಾಲದಲ್ಲಿ ಪ್ರೆಸ್ಟನ್ ಊರಿನ ಡಿಕ್, ಕೆರ್ ಕಾರ್ಖಾನೆಯ ಹುಡುಗಿಯರು ತಂಡ ಕಟ್ಟಿದರು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನಲ್ಲಿ ಅವರ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಅಸೋಸಿಯೇಷನ್ ತನ್ನ ಕ್ಲಬ್‌ಗಳ ಮೈದಾನಗಳಲ್ಲಿ ಹೆಂಗಸರು ಆಡದಂತೆ ತಡೆಯಿತು. ಆ ನಿಷೇಧ ಸುಮಾರು 50 ವರ್ಷ ಹಾಗೇ ಇತ್ತು.

ಈಗ ಫ್ಲಡ್‌ಲೈಟ್ ಇದೆ, ಟಿವಿ ಇದೆ. ದೊಡ್ಡ ಮ್ಯಾಚ್‌ಗಳು ಯಾವ ಹೊತ್ತಿನಲ್ಲಾದರೂ ನಡೆಯುತ್ತವೆ. ಆದರೂ ಈ ಇತಿಹಾಸದಿಂದ ಒಂದು ಮಾತು ತಿಳಿಯುತ್ತೆ: ಆಡೋದಕ್ಕೆ ಆಸೆ ಇದ್ದರೆ ಸಾಲದು, ಹೊತ್ತೂ ಬೇಕು, ಜಾಗವೂ ಬೇಕು. ಇವತ್ತು ಸಂಜೆ ನಮ್ಮ ಕಾಲೇಜಿನ ಮೈದಾನದ ಕಡೆ ಹೋದರೆ, ಅಲ್ಲಿ ಯಾರು ಆಡ್ತಿದ್ದಾರೆ, ಯಾರು ಇಲ್ಲ ಅಂತ ಒಂದು ಸಲ ಗಮನಿಸಿ.